ಹೊರೆಯ ಮಿತಿ, ಕೊಳಗದ ನ್ಯಾಯ

ಗೃಹಸ್ಥನ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಶಾಸ್ತ್ರವು ಹೇಳಿದೆ. ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅವು ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂಬ ಹೆಸರಿನಿಂದ ಬರುತ್ತವೆ. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಮಿತಿಮೀರಿ ಹೊರೆ ಹೇರುವುದು, ಅನ್ನನೀರನ್ನು ತಡೆಯುವುದು. ಇಲ್ಲಿನ ವಧಶಬ್ದಕ್ಕೆ ಪ್ರಾಣ ತೆಗೆಯುವುದೆಂಬ ಅರ್ಥವಿಲ್ಲ, ಕೋಲು ಚಾಟಿಗಳಿಂದ ಬಡಿಯುವುದೆಂದೇ ಅರ್ಥ ಎಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಸ್ಪಷ್ಟಪಡಿಸಿದ್ದಾರೆ. ಕೊಲ್ಲದವನೂ ವ್ರತವನ್ನು ಹೇಗೆ ಕೆಡಿಸಿಕೊಳ್ಳುತ್ತಾನೆ ಎಂಬುದೇ ಈ ಪಟ್ಟಿಯ ವಿಷಯ. ಜೀವವೊಂದು ತಾನು ಹೋಗಬಯಸುವ ಕಡೆಗೆ ಹೋಗದಂತೆ ತಡೆದರೆ ಅದು ಬಂಧ; ನ್ಯಾಯವಾದ ಭಾರಕ್ಕಿಂತ ಹೆಚ್ಚು ಹೊರಿಸಿದರೆ ಅದು ಅತಿಭಾರಾರೋಪಣ.

ವ್ಯಾಖ್ಯಾನಕಾರರು ಕೊಡುವ ಉದಾಹರಣೆಗಳು ಹೆಚ್ಚಾಗಿ ಎತ್ತು ಹಸುಗಳವು. ಆ ಕಾಲದ ಹೊರೆ ಎತ್ತಿನ ಬೆನ್ನ ಮೇಲೆಯೇ ಸಾಗುತ್ತಿತ್ತು. ಆದರೆ ಮನುಷ್ಯನನ್ನು ಅವರು ಮರೆತಿರಲಿಲ್ಲ. ಶ್ವೇತಾಂಬರ ಪರಂಪರೆಯ ಶ್ರಾವಕಾಚಾರ ವ್ಯಾಖ್ಯಾನಗಳಲ್ಲಿ ಒಂದು ಸೊಗಸಾದ ನಿಯಮವಿದೆ. ಹೊರೆ ಹೊರಿಸಿ ಜೀವಿಸುವ ವೃತ್ತಿಯನ್ನು ಶ್ರಾವಕನು ಬಿಡುವುದೇ ಮೇಲು. ಬಿಡಲಾಗದಿದ್ದರೆ, ಆಳು ತಾನೇ ಎತ್ತಿಕೊಂಡು ತಾನೇ ಇಳಿಸಬಲ್ಲಷ್ಟನ್ನು ಮಾತ್ರ ಅವನ ಮೇಲೆ ಹೊರಿಸಬೇಕು. ಎತ್ತಿಗೆ ಅದರ ಶಕ್ತಿಗಿಂತ ತುಸು ಕಡಿಮೆಯೇ ಇರಬೇಕು, ಹೊತ್ತಿಗೆ ಸರಿಯಾಗಿ ನೊಗ ಬಿಚ್ಚಬೇಕು. ಕಾರ್ಖಾನೆಗಳ ಕಾನೂನು ಹುಟ್ಟುವುದಕ್ಕೆ ನೂರಾರು ವರ್ಷ ಮೊದಲೇ ಕೆಲಸದ ಭಾರಕ್ಕೂ ವೇಳೆಗೂ ಮಿತಿ ಹಾಕಿದ ಮಾತು ಇದು.

ಇನ್ನೊಂದು ಸೂಕ್ಷ್ಮವೂ ಉಂಟು. ಜೈನಸಿದ್ಧಾಂತದಲ್ಲಿ ಕರ್ಮಾಸ್ರವಕ್ಕೆ ಕಾರಣವಾದ ಜೀವಾಧಿಕರಣದ ಭೇದಗಳು 108. ಸಂರಂಭ, ಸಮಾರಂಭ, ಆರಂಭ ಎಂಬ ಮೂರನ್ನು ಮನಸ್ಸು, ಮಾತು, ಕಾಯ ಎಂಬ ಮೂರರಿಂದ ಗುಣಿಸಿ, ಅದನ್ನು ಕೃತ, ಕಾರಿತ, ಅನುಮೋದನೆ ಎಂಬ ಮೂರರಿಂದಲೂ ನಾಲ್ಕು ಕಷಾಯಗಳಿಂದಲೂ ಗುಣಿಸಿದರೆ ಬರುವ ಸಂಖ್ಯೆ ಇದು. ಜಪಮಾಲೆಯ 108 ಮಣಿಗಳಿಗೆ ಹಿರಿಯರು ಇದೇ ಲೆಕ್ಕವನ್ನು ಹೇಳುವುದುಂಟು. ಇದರಲ್ಲಿ ತಾನೇ ಮಾಡಿದ್ದು 36 ಭೇದ. ಇತರರಿಂದ ಮಾಡಿಸಿದ್ದು 36. ಮಾಡಿದ್ದಕ್ಕೆ ಒಪ್ಪಿದ್ದು 36. ಅಂದರೆ 108ರಲ್ಲಿ 72 ನಮ್ಮ ಕೈ ಸೋಕದವು. ಗುತ್ತಿಗೆದಾರನು ಮಾಡಿದ, ನನಗೆ ತಿಳಿಯದು ಎನ್ನುವವನಿಗೆ ಈ ಲೆಕ್ಕದಲ್ಲಿ ಅಡಗಲು ಜಾಗ ಕಡಿಮೆ.

ಲೋಕವು ಇದನ್ನೇ ಬೇರೆ ಭಾಷೆಯಲ್ಲಿ ಈಚೆಗೆ ಕಲಿಯುತ್ತಿದೆ. 2011ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿಯು ವ್ಯಾಪಾರ ಮತ್ತು ಮಾನವ ಹಕ್ಕುಗಳ ಕುರಿತ ಮಾರ್ಗದರ್ಶಿ ತತ್ತ್ವಗಳನ್ನು ಅಂಗೀಕರಿಸಿತು. ಉದ್ಯಮವೊಂದು ತಾನೇ ಉಂಟುಮಾಡಿದ ಹಾನಿ, ತನ್ನ ಪಾಲೂ ಸೇರಿದ ಹಾನಿ, ಸರಕು ಪೂರೈಸುವವರ ಮೂಲಕ ತನ್ನ ಉತ್ಪನ್ನದೊಡನೆ ನೇರವಾಗಿ ತಳುಕು ಹಾಕಿಕೊಂಡ ಹಾನಿ, ಈ ಮೂರಕ್ಕೂ ಅದು ಗಮನ ಕೊಡಬೇಕೆಂದು ಅವು ಹೇಳುತ್ತವೆ. ಎರಡು ವರ್ಷಗಳ ತರುವಾಯ, 2013ರ ಏಪ್ರಿಲ್ 24ರಂದು, ಬಾಂಗ್ಲಾದೇಶದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಬಹುಪಾಲು ಹೊರದೇಶದ ಬ್ರಾಂಡ್‌ಗಳಿಗೆ ಉಡುಪು ಹೊಲಿಯುತ್ತಿದ್ದವರು. ಆ ಬ್ರಾಂಡ್‌ಗಳ ಒಡೆಯರು ಯಾರನ್ನೂ ಹೊಡೆದವರಲ್ಲ, ಕಟ್ಟಡವನ್ನು ಕಟ್ಟಿದವರೂ ಅಲ್ಲ. ಕಡಿಮೆ ಬೆಲೆಗೆ ಬೇಗ ಬೇಕೆಂದು ಕೇಳಿದವರು. ಜರ್ಮನಿಯು 2023ರಿಂದ ಪೂರೈಕೆ ಸರಪಳಿಯ ಹೊಣೆಗೆ ಕಾನೂನನ್ನೇ ಜಾರಿಗೆ ತಂದಿತು. ನಮ್ಮಲ್ಲಿ ಷೇರುಪೇಟೆಯ ಮೊದಲ 1,000 ಕಂಪನಿಗಳು 2022–23ರಿಂದ ಮಾನವ ಹಕ್ಕುಗಳ ಪಾಲನೆಯನ್ನೂ ಒಳಗೊಂಡ ವರದಿಯನ್ನು ಸಲ್ಲಿಸಬೇಕೆಂದು ಸೆಬಿ ವಿಧಿಸಿದೆ.

ಕೃತ, ಕಾರಿತ, ಅನುಮೋದನೆಗಳಿಗೂ ಈ ಮೂರು ಬಗೆಯ ಹೊಣೆಗೂ ಹೋಲಿಕೆ ಇದ್ದರೂ ಎರಡೂ ಒಂದೇ ಎಂದುಬಿಡುವುದು ಸರಿಯಲ್ಲ. ಕಾನೂನು ದಾಖಲೆಯನ್ನು ನೋಡುತ್ತದೆ, ಶಾಸ್ತ್ರ ಭಾವವನ್ನು ನೋಡುತ್ತದೆ. ಮನಸ್ಸು ಒಪ್ಪದೆ ಅನುಮೋದನೆ ಆಗದು. ಆ ಮಟ್ಟಿಗೆ ಶಾಸ್ತ್ರವು ಸಡಿಲ. ಆದರೆ ವರದಿಯ ಅಂಕಣವನ್ನು ತುಂಬಿ ಬಿಡುಗಡೆ ಪಡೆಯಲು ಅದು ಬಿಡದು. ಆ ಮಟ್ಟಿಗೆ ಬಿಗಿ.

ಇಲ್ಲಿ ಒಂದು ಆಕ್ಷೇಪ ಸದಾ ಕೇಳಿಬರುತ್ತದೆ. ಹಿಂಸೆಯಲ್ಲಿ ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆ. ಗೃಹಸ್ಥನಿಗೆ ಕಡ್ಡಾಯವಾಗಿ ತ್ಯಾಜ್ಯವಾದದ್ದು ಸಂಕಲ್ಪೀ ಹಿಂಸೆ ಮಾತ್ರ. ವ್ಯಾಪಾರ ಕೈಗಾರಿಕೆಗಳಲ್ಲಿ ಆಗುವುದು ಉದ್ಯೋಗೀ ಹಿಂಸೆ, ಅದು ಅನಿವಾರ್ಯ ಎಂಬುದು ಆ ವಾದ. ಈ ವಾದವು ಅರ್ಧ ಶಾಸ್ತ್ರವನ್ನು ಮಾತ್ರ ಓದಿದೆ. ಉಳುವಾಗ ಮಣ್ಣಿನ ಜೀವಕ್ಕೆ, ಕುದಿಸುವಾಗ ನೀರಿನ ಜೀವಕ್ಕೆ ಆಗುವ ಬಾಧೆ ಉದ್ಯೋಗದಿಂದ ಬೇರ್ಪಡಿಸಲಾಗದ್ದು. ಅತಿಭಾರವನ್ನು ಹೊರಿಸುವುದು, ಕೂಲಿಯನ್ನು ತಡೆದು ಅನ್ನಕ್ಕೆ ಅಡ್ಡಿಯಾಗುವುದು, ಮುಂಗಡದ ಸಾಲದಿಂದ ಕಟ್ಟಿಹಾಕುವುದು ಹಾಗಲ್ಲ. ಇವಿಲ್ಲದೆಯೂ ಉದ್ಯೋಗ ನಡೆಯುತ್ತದೆ, ಲಾಭ ಮಾತ್ರ ಕಡಿಮೆ. ಅವು ಅನಿವಾರ್ಯವಾಗಿದ್ದರೆ ಶಾಸ್ತ್ರಕಾರರು ಅವನ್ನು ಅತಿಚಾರದ ಪಟ್ಟಿಗೆ ಸೇರಿಸುತ್ತಲೇ ಇರಲಿಲ್ಲ. ಸಮಂತಭದ್ರರಂತೂ ರತ್ನಕರಂಡಕ ಶ್ರಾವಕಾಚಾರದಲ್ಲಿ ಅತಿಭಾರದ ಮಾತನ್ನು ಅಹಿಂಸೆಯ ಅತಿಚಾರಗಳಲ್ಲಿ ಹೇಳಿ, ಪರಿಗ್ರಹಪರಿಮಾಣದ ಅತಿಚಾರಗಳಲ್ಲಿ ಮತ್ತೊಮ್ಮೆ ಹೇಳುತ್ತಾರೆ. ಅತಿಲೋಭದ ಪಕ್ಕದಲ್ಲೇ ಅದನ್ನು ಇರಿಸಿದ್ದಾರೆ. ಹೊರೆ ಏಕೆ ಮಿತಿಮೀರುತ್ತದೆ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಮಲೆನಾಡಿನ ಸಾಗರ, ಹೊಸನಗರ, ತೀರ್ಥಹಳ್ಳಿಗಳು ಈ ವಿಚಾರವನ್ನು ಪರೀಕ್ಷಿಸಲು ತಕ್ಕ ನೆಲ. ಹೊಸನಗರ ತಾಲ್ಲೂಕಿನ ಹೊಂಬುಜ ಸಾಂತರರ ರಾಜಧಾನಿ. ಚಟ್ಟಲದೇವಿ 1077ರಲ್ಲಿ ಕಟ್ಟಿಸಿದ ಪಂಚಕೂಟ ಬಸದಿಯೂ ಪದ್ಮಾವತಿ ಅಮ್ಮನವರ ಸನ್ನಿಧಿಯೂ ಅಲ್ಲಿವೆ. ತೀರ್ಥಹಳ್ಳಿ ತಾಲ್ಲೂಕಿನ ಕುಂದಾದ್ರಿ, ಆಚಾರ್ಯ ಕುಂದಕುಂದರ ತಪೋಭೂಮಿಯೆಂಬ ನಂಬಿಕೆಯ ಬೆಟ್ಟ. ಜಿನದತ್ತರಾಯನಿಗೆ ದೇವಿಯ ಅನುಗ್ರಹದಿಂದ ಕಬ್ಬಿಣವು ಚಿನ್ನವಾಯಿತೆಂದು ಹೊಂಬುಜದ ಸ್ಥಳಪುರಾಣ ಹೇಳುತ್ತದೆ. ಯಾರ ಬೆವರೂ ಇಲ್ಲದೆ ಹುಟ್ಟಿದ ಚಿನ್ನ ಅದೊಂದೇ ಇರಬೇಕು.

ಉಳಿದೆಲ್ಲ ಸಂಪತ್ತು ಅಳತೆಯ ಮೂಲಕವೇ ಕೈ ಬದಲಾಯಿಸುತ್ತದೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನ ಎಂಬುದೊಂದಿದೆ. ಕೊಡುವಾಗ ಕಿರಿದಾದ, ಕೊಳ್ಳುವಾಗ ಹಿರಿದಾದ ಅಳತೆಯನ್ನು ಬಳಸುವುದು ಎಂದು ಇದರರ್ಥ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದಾಗ ಅವರ ದೂರಿನ ನಡುವೆ ಇದ್ದದ್ದು ಇದೇ: ಗೇಣಿಯ ಭತ್ತವನ್ನು ಅಳೆದುಕೊಳ್ಳುವ ಕೊಳಗ ದೊಡ್ಡದಾಗಿತ್ತು. ಎಚ್. ಗಣಪತಿಯಪ್ಪ ಅವರನ್ನು ಸಂಘಟಿಸಿದರು. ತೀರ್ಥಹಳ್ಳಿ ತಾಲ್ಲೂಕಿನ ಆರಗದ ಶಾಂತವೇರಿ ಗೋಪಾಲಗೌಡರು ಜೊತೆ ನಿಂತರು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮರುವರ್ಷದ ಚುನಾವಣೆಯಲ್ಲಿ ಸಾಗರ–ಹೊಸನಗರದ ಜನ ಗೋಪಾಲಗೌಡರನ್ನು ಶಾಸನಸಭೆಗೆ ಕಳುಹಿಸಿದರು. ಉಳುವವನಿಗೇ ಭೂಮಿ ಎಂಬುದು ಕಾನೂನಾಗಿ ನೆಲಕ್ಕಿಳಿದದ್ದು 1974ರ ತಿದ್ದುಪಡಿಯಿಂದ. ಆ ಹೋರಾಟ ಸಮಾಜವಾದಿಗಳದು, ಜೈನಶಾಸ್ತ್ರವನ್ನು ಅದು ನೆಚ್ಚಿರಲಿಲ್ಲ. ಆದರೂ ಕಾಗೋಡಿನ ರೈತ ಬೆರಳಿಟ್ಟು ತೋರಿಸಿದ ಕೊಳಗವನ್ನೇ ಆಚಾರ್ಯರು ಸೂತ್ರದಲ್ಲಿ ತೋರಿಸಿದ್ದರು ಎಂಬುದನ್ನು ಶ್ರಾವಕರು ಮರೆಯಲಾಗದು.

ಇಂದು ಈ ಮೂರು ತಾಲ್ಲೂಕುಗಳ ಸಂಪತ್ತು ಅಡಿಕೆ. ಪ್ಯಾಕೆಟ್ಟಿನೊಳಗೆ ಸೇರುವ ಚೂರಿನಿಂದ ಹಿಂದಕ್ಕೆ ನಡೆದರೆ ಕಾರ್ಖಾನೆ, ವರ್ತಕ, ಮಂಡಿ, ಬೆಳೆಗಾರ. ಅವನ ಹಿಂದೆ ಕೊನೆ ಇಳಿಸುವವನು, ಸುಲಿಯುವವಳು. ಮಳೆಗಾಲದಲ್ಲಿ ಕೊಳೆರೋಗ ತಡೆಯಲು ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಸಿಂಪಡಿಸಬೇಕು. ಜಾರುವ ಮರವನ್ನು ಏರಿದವನ ಕಣ್ಣಿಗೂ ಮೈಗೂ ಅದು ಬೀಳುತ್ತದೆ. ಬಿದ್ದರೆ ಬದುಕು ಮುಗಿಯಿತು, ಇಲ್ಲವೇ ಸೊಂಟ ಮುರಿಯಿತು. ಈಚೆಗೆ ನೆಲದಲ್ಲೇ ನಿಂತು ಬಳಸುವ ಉದ್ದನೆಯ ದೋಟಿಗಳು ಬಂದಿರುವುದು ದೊಡ್ಡ ಉಪಕಾರ. ಕೊಯ್ಲಿನ ಕಾಲದಲ್ಲಿ ಹಸಿ ಅಡಿಕೆಯನ್ನು ತಡಮಾಡದೆ ಸುಲಿದು ಬೇಯಿಸಬೇಕಾದ್ದರಿಂದ, ಯಂತ್ರವಿಲ್ಲದ ಮನೆಗಳಲ್ಲಿ ಹೆಂಗಸರು ಮೆಟ್ಟುಗತ್ತಿಯ ಮುಂದೆ ರಾತ್ರಿಯವರೆಗೂ ಕೂರುತ್ತಾರೆ. ಕೂಲಿ ದಿನದ ಲೆಕ್ಕದಲ್ಲಿಲ್ಲ, ಸುಲಿದಷ್ಟರ ಅಳತೆಯ ಮೇಲೆ. ಕೊಳಗದ ಪ್ರಶ್ನೆ ಇಲ್ಲಿ ಮತ್ತೆ ಬರುತ್ತದೆ.

ನಾವು ಸೂರ್ಯಾಸ್ತದ ಬಳಿಕ ಉಣ್ಣುವುದಿಲ್ಲ. ದೀಪದ ಬೆಳಕಿನಲ್ಲಿ ಕಾಣದ ಜೀವಿಗಳಿಗೆ ಬಾಧೆಯಾದೀತೆಂದು ರಾತ್ರಿಭೋಜನವನ್ನು ತ್ಯಜಿಸುತ್ತೇವೆ. ಅದೇ ದೀಪದ ಬೆಳಕಿನಲ್ಲಿ ಬೆರಳು ಕೊಯ್ದುಕೊಳ್ಳುತ್ತ ಇನ್ನೊಬ್ಬಳು ನಮಗಾಗಿ ದುಡಿಯುತ್ತಿದ್ದರೆ ಅದೇಕೆ ನಮ್ಮ ಆಹಾರಶುದ್ಧಿಯ ಮಾತಿನೊಳಗೆ ಬರುವುದಿಲ್ಲ? ನೀರು ಸೋಸುವ ಬಟ್ಟೆಯ ಪದರ ಎಣಿಸುವವರು ಆ ಬಟ್ಟೆ ನೇಯ್ದವರ ಕೂಲಿಯನ್ನು ಕೇಳುವುದು ಅಪರೂಪ.

ಬಟ್ಟೆಯ ಮಾತು ಬಂದುದರಿಂದ ಸಾಗರ ತಾಲ್ಲೂಕಿನದೇ ಇನ್ನೊಂದು ಉದಾಹರಣೆಯನ್ನು ಹೇಳಬೇಕು. ಹೆಗ್ಗೋಡಿನ ಬಳಿಯ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರ ಪ್ರೇರಣೆಯಿಂದ 1996ರಲ್ಲಿ ಆರಂಭವಾದ ಚರಕ ಒಂದು ಮಹಿಳಾ ಸಹಕಾರ ಸಂಘ. ಊರಿನ ಹೆಣ್ಣುಮಕ್ಕಳು ಅಲ್ಲಿ ಬಣ್ಣ ಹಾಕುತ್ತಾರೆ, ನೇಯುತ್ತಾರೆ, ಹೊಲಿಯುತ್ತಾರೆ. ಅಡಿಕೆ ಬೇಯಿಸಿ ಉಳಿದ ಚೊಗರು ಅಲ್ಲಿ ಬಣ್ಣವಾಗುತ್ತದೆ. ದುಡಿಯುವವರೇ ಸಂಘದ ಸದಸ್ಯರಾದಲ್ಲಿ ಮಾಡುವವನೂ ಮಾಡಿಸುವವನೂ ಒಬ್ಬನೇ. ಸರಪಳಿಯ ಬಹಳಷ್ಟು ಕೊಂಡಿಗಳು ಒಂದೇ ಅಂಗಳದಲ್ಲಿ ಕಣ್ಣಿಗೆ ಕಾಣುತ್ತವೆ. ಎಲ್ಲವೂ ಅಲ್ಲ. ಹತ್ತಿ ಮಲೆನಾಡಿನ ಬೆಳೆಯಲ್ಲ. ಅದರ ಹೊಲ ದೂರದಲ್ಲಿದೆ, ಆ ಹೊಲದ ಕೂಲಿಯವಳೂ ದೂರದಲ್ಲಿದ್ದಾಳೆ.

ಇಂಥ ಸಂಸ್ಥೆಗೆ ದಾರಿ ಸುಗಮವಾಗಿರಲಿಲ್ಲ. ಕೈಯಿಂದ ಮಾಡಿದ ವಸ್ತುಗಳ ಮೇಲೆ ಜಿಎಸ್‌ಟಿ ಬೇಡವೆಂದು ಪ್ರಸನ್ನ ಅವರು 2017ರಲ್ಲಿ ಕರ ನಿರಾಕರಣ ಸತ್ಯಾಗ್ರಹವನ್ನು ನಡೆಸಿದರು. 2020ರ ಕೋವಿಡ್ ಕಾಲದಲ್ಲಿ ಚರಕ ಮುಚ್ಚುವ ಅಂಚಿಗೆ ಬಂತು. ನ್ಯಾಯವಾದ ಕೂಲಿಯನ್ನು ಒಳಗೊಂಡ ಬೆಲೆಯನ್ನು ಕೊಡಲು ಕೊಳ್ಳುವವರು ಸಿಗದಿದ್ದರೆ ಎಷ್ಟು ಒಳ್ಳೆಯ ತಯಾರಕನಾದರೂ ಹೆಚ್ಚು ದಿನ ನಿಲ್ಲಲಾರ. ಅನುಮೋದನೆಯು ಪಾಪದ ಕಡೆಗೆ ಹರಿಯುವಂತೆ ಪುಣ್ಯದ ಕಡೆಗೂ ಹರಿಯುತ್ತದೆಂಬುದು ಸಿದ್ಧಾಂತ. ಕೊಳ್ಳುವವನ ಹಣದ ಚೀಲವು ಎರಡೂ ಕಡೆಗೆ ತೆರೆಯುತ್ತದೆ.

ವ್ಯಾಪಾರವು ನಮ್ಮ ಸಮಾಜದ ಹಿರಿಯ ವೃತ್ತಿ. ಆದ್ದರಿಂದ ಸಣ್ಣ ಕೆಲಸಗಳಿಂದಲೇ ತೊಡಗಬಹುದು. ಸುಲಿತದ ತೂಕವನ್ನು ಸುಲಿದವರ ಕಣ್ಣೆದುರಿಗೇ ಹಾಕಿ, ಬರೆದ ಚೀಟಿಯೊಂದನ್ನು ಅವರ ಕೈಗೂ ಕೊಡುವುದು. ವಾರದ ಕೂಲಿಯನ್ನು ವಾರಕ್ಕೇ ತೀರಿಸುವುದು. ಮರ ಏರುವವನಿಗೆ ವಿಮೆ ಮಾಡಿಸುವುದು. ದೂರದಿಂದ ಬಂದ ಕೂಲಿಯವರ ಆಧಾರ್ ಚೀಟಿಯನ್ನು ಇಟ್ಟುಕೊಳ್ಳದಿರುವುದು, ಏಕೆಂದರೆ ಅದೂ ಬಂಧವೇ. ಇದಕ್ಕೆ ತಗಲುವ ಖರ್ಚನ್ನು ಸಣ್ಣ ಬೆಳೆಗಾರನೊಬ್ಬನ ತಲೆಗೇ ಕಟ್ಟಿದರೆ ಅತಿಭಾರವು ಒಬ್ಬರ ಬೆನ್ನಿನಿಂದ ಇನ್ನೊಬ್ಬರ ಬೆನ್ನಿಗೆ ಸರಿಯಿತು ಅಷ್ಟೇ. ಕ್ವಿಂಟಲಿನ ಬೆಲೆಯನ್ನು ಮಾತಾಡುವಾಗ ಈ ವೆಚ್ಚವನ್ನೂ ಸೇರಿಸಿ ಮಾತಾಡಬೇಕಾದವನು ವರ್ತಕ, ಅವನಿಂದ ಕೊಳ್ಳುವ ಕಾರ್ಖಾನೆಯವನು. ಅವರಲ್ಲಿ ವ್ರತಧಾರಿಯೊಬ್ಬನಿದ್ದರೆ, ಸರಕಿನ ಮಾದರಿಯನ್ನು ಅಂಗೈಯಲ್ಲಿ ಹಿಡಿದು ನೋಡುವ ಆ ಹೊತ್ತಿನಲ್ಲಿ, ಇದನ್ನು ಸುಲಿದವರ ಲೆಕ್ಕ ಚುಕ್ತಾ ಆಗಿದೆಯೇ ಎಂದು ಕೇಳಲು ಅವನಿಗೆ ಅಡ್ಡಿಯೇನಿಲ್ಲ.