ಆಘಾತ ತರಂಗ ಚಿಕಿತ್ಸೆ: ಬೆಲೆ ಕಡಿಮೆಯಾದ ಯಂತ್ರವೆಲ್ಲ ಅಗ್ಗವೇ?

ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಲೇತ್ ಯಂತ್ರಗಳ ಸಣ್ಣ ಕಾರ್ಖಾನೆಯನ್ನು ನಡೆಸುತ್ತಿರುವ ಸದ್ಭಕ್ತರೊಬ್ಬರು ಈಚೆಗೆ ಶ್ರೀಮಠಕ್ಕೆ ಬಂದಿದ್ದಾಗ ತಮ್ಮ ಸಂಕಲ್ಪವೊಂದನ್ನು ನಮ್ಮ ಮುಂದಿಟ್ಟರು. ಭಕ್ತರು ಸೇರಿ ನಡೆಸುತ್ತಿರುವ ಉಚಿತ ಚಿಕಿತ್ಸಾಲಯಕ್ಕೆ ತಮ್ಮ ತಾಯಿಯವರ ಸ್ಮರಣಾರ್ಥ 'ಶಾಕ್‌ವೇವ್' ಯಂತ್ರವೊಂದನ್ನು ದಾಸೋಹವಾಗಿ ಅರ್ಪಿಸಬೇಕೆಂಬುದು ಅವರ ಬಯಕೆ. ಕೈಯಲ್ಲಿ ಮೂರು ದರಪಟ್ಟಿಗಳಿದ್ದವು. ಒಂದೂವರೆ ಲಕ್ಷದ್ದೊಂದು, ಮೂರು ಲಕ್ಷದ್ದೊಂದು, ಹತ್ತು ಲಕ್ಷವನ್ನು ಮೀರಿದ್ದು ಇನ್ನೊಂದು. "ಎಲ್ಲವೂ ಮಾಡುವ ಕೆಲಸ ಒಂದೇ ಅಂತಾರೆ. ಕಡಿಮೆಯದನ್ನೇ ತಂದು, ಉಳಿದ ಹಣ ಔಷಧಿಗೆ ಕೊಟ್ಟರಾಗದೇ ಬುದ್ಧೀ?" ಎಂದು ಕೇಳಿದರು. ಪ್ರಶ್ನೆ ಪ್ರಾಮಾಣಿಕವಾದುದು. ಅದಕ್ಕೆ ಉತ್ತರ ಹುಡುಕುತ್ತ ನಾವು ತಿಳಿದುಕೊಂಡುದನ್ನು ಇಲ್ಲಿ ನಿರೂಪಿಸುತ್ತಿದ್ದೇವೆ.

ಕಾಯಕ ನಡೆಯುವುದು ಕಾಯದಿಂದ. ಪೀಣ್ಯದ ಲೇತ್‌ಗಳ ಮುಂದೆ, ಸಿದ್ಧ ಉಡುಪು ಕಾರ್ಖಾನೆಗಳ ಇಸ್ತ್ರಿ ಮೇಜುಗಳ ಬಳಿ, ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯ ಕಟ್ಟಡಗಳ ಕಾವಲಿನಲ್ಲಿ, ಅಡುಗೆಮನೆಗಳಲ್ಲಿ ದಿನಕ್ಕೆ ಎಂಟು ಹತ್ತು ಗಂಟೆ ಕಾಂಕ್ರೀಟ್ ನೆಲದ ಮೇಲೆ ನಿಲ್ಲುವವರು ಸಹಸ್ರಾರು ಮಂದಿ. ಬೆಳಗ್ಗೆ ಹಾಸಿಗೆಯಿಂದೆದ್ದು ಮೊದಲ ಹೆಜ್ಜೆ ಇಟ್ಟೊಡನೆ ಹಿಮ್ಮಡಿಗೆ ಮುಳ್ಳು ಚುಚ್ಚಿದಂತಾಗುವುದು, ನಾಲ್ಕು ಹೆಜ್ಜೆ ನಡೆದ ಮೇಲೆ ತುಸು ಸಡಿಲಗೊಂಡು ಸಂಜೆಗೆ ಮತ್ತೆ ಕಾಡುವುದು ಇವರಲ್ಲಿ ಅನೇಕರ ಅನುಭವ. ಹಿಮ್ಮಡಿಯ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಹರಡಿರುವ ಗಟ್ಟಿಯಾದ ತಂತುಪಟ್ಟಿ ಸವೆದು ನೋಯುವುದೇ ಇದಕ್ಕೆ ಸಾಮಾನ್ಯ ಕಾರಣ. ಶಾಕ್‌ವೇವ್ ಯಂತ್ರದ ಮಾತು ಬರುವುದು ಹೆಚ್ಚಾಗಿ ಈ ನೋವಿನ ಸಂದರ್ಭದಲ್ಲಿಯೇ.

ಶಾಕ್‌ವೇವ್ ಎಂದರೆ ಆಘಾತ ತರಂಗ. ಹೆಸರು ಕೇಳಿ ವಿದ್ಯುತ್ ಆಘಾತವೆಂದು ಹಲವರು ಹೆದರುತ್ತಾರೆ. ಇದು ವಿದ್ಯುತ್ತಲ್ಲ, ಶಬ್ದದಂತೆ ಚಲಿಸುವ ಒತ್ತಡದ ಅಲೆ. ಇದರ ಚರಿತ್ರೆ ಆರಂಭವಾದುದು ಜರ್ಮನಿಯ ಡೋರ್ನಿಯರ್ ಎಂಬ ವಿಮಾನ ಸಂಸ್ಥೆಯಲ್ಲಿ. ನಮ್ಮ ಎಚ್.ಎ.ಎಲ್. ಕಾನ್ಪುರದಲ್ಲಿ ನಿರ್ಮಿಸುವ ಡೋರ್ನಿಯರ್ ವಿಮಾನದ ಮೂಲವೂ ಅದೇ. ಅಲ್ಲಿ ಬೆಳೆದ ತಂತ್ರದಿಂದ 1980ರ ಫೆಬ್ರವರಿಯಲ್ಲಿ ಮ್ಯೂನಿಕ್ ನಗರದ ವೈದ್ಯರು ರೋಗಿಯೊಬ್ಬರ ಮೂತ್ರಪಿಂಡದ ಕಲ್ಲನ್ನು ಶಸ್ತ್ರಚಿಕಿತ್ಸೆಯಿಲ್ಲದೆ ಒಡೆದರು. ಮುಂದೆ ಇದೇ ತರಂಗವನ್ನು ಮೂಳೆ ಮತ್ತು ಸ್ನಾಯುರಜ್ಜುಗಳ ನೋವಿಗೂ ಬಳಸಲಾಯಿತು. ಬಹುಕಾಲದ ಹಿಮ್ಮಡಿ ನೋವಿಗೆ ಇಂಥ ಯಂತ್ರವೊಂದನ್ನು ಬಳಸಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅನುಮತಿ ನೀಡಿದ್ದು 2000ದಲ್ಲಿ.

ಇಂದು ಮಾರುಕಟ್ಟೆಯಲ್ಲಿ ಒಂದೇ ಹೆಸರಿನಿಂದ ಎರಡು ಬಗೆಯ ಯಂತ್ರಗಳು ಮಾರಾಟವಾಗುತ್ತಿವೆ. ಮೊದಲನೆಯದು 'ಫೋಕಸ್ಡ್'. ಇದು ತರಂಗಗಳನ್ನು ದೇಹದ ಆಳದ ಒಂದು ಬಿಂದುವಿನಲ್ಲಿ ಕೇಂದ್ರೀಕರಿಸುತ್ತದೆ; ಬೆಲೆ ಬಹಳ ಹೆಚ್ಚು. ಎರಡನೆಯದು 'ರೇಡಿಯಲ್'. ಇದರಲ್ಲಿ ಒತ್ತಿದ ಗಾಳಿಯಿಂದಲೋ ವಿದ್ಯುತ್ಕಾಂತದಿಂದಲೋ ಚಿಮ್ಮುವ ಸಣ್ಣ ಲೋಹದ ತುಂಡೊಂದು ಹ್ಯಾಂಡ್‌ಪೀಸಿನ ತುದಿಗೆ ಬಡಿಯುತ್ತದೆ. ಆ ಹೊಡೆತ ಚರ್ಮದ ಮೂಲಕ ಒಳಗೆ ಹರಡುತ್ತದೆ. ಇದರ ಶಕ್ತಿ ಚರ್ಮದ ಬಳಿ ಹೆಚ್ಚು, ಆಳಕ್ಕಿಳಿದಂತೆ ಕಡಿಮೆ. ಭೌತವಿಜ್ಞಾನದ ಕಟ್ಟುನಿಟ್ಟಿನಲ್ಲಿ ಇದನ್ನು ಆಘಾತ ತರಂಗವೆನ್ನದೆ ಒತ್ತಡದ ತರಂಗವೆಂದೇ ಕರೆಯಬೇಕು. ಆದರೂ ಅಂಗಾಲಿನ ತಂತುಪಟ್ಟಿ ಚರ್ಮಕ್ಕೆ ಸಮೀಪದಲ್ಲಿರುವುದರಿಂದ ಹಿಮ್ಮಡಿ ನೋವಿಗೆ ರೇಡಿಯಲ್ ಯಂತ್ರ ಸಾಕಾಗುತ್ತದೆ. ಹಿಮ್ಮಡಿ ನೋವಿನವರೇ ಹೆಚ್ಚಾಗಿ ಬರುವ ಚಿಕಿತ್ಸಾಲಯಕ್ಕೆ ಹತ್ತು ಲಕ್ಷದ ಯಂತ್ರ ಅನಿವಾರ್ಯವಲ್ಲ.

ಉಳಿದ ಎರಡರಲ್ಲಿ ಯಾವುದು? ಇಲ್ಲಿ ದರಪಟ್ಟಿಯ ಕೊನೆಯ ಸಾಲನ್ನು ಮಾತ್ರ ನೋಡಿದರೆ ಮೋಸಹೋಗುತ್ತೇವೆ. ಸದಾ ಬಡಿಯುವ ಲೋಹ ಸವೆಯುತ್ತದೆಂಬುದನ್ನು ಪೀಣ್ಯದವರಿಗೆ ಹೇಳಿಕೊಡಬೇಕಾಗಿಲ್ಲ. ಒಬ್ಬ ರೋಗಿಗೆ ಒಂದು ಸಲದ ಚಿಕಿತ್ಸೆಯಲ್ಲಿ ಸುಮಾರು 2,000 ಹೊಡೆತಗಳು ಬೇಕು. ವಾರಕ್ಕೊಮ್ಮೆಯಂತೆ ಮೂರರಿಂದ ಐದು ಸಲ ಚಿಕಿತ್ಸೆ ನೀಡುವುದು ರೂಢಿ. ಆದ್ದರಿಂದ ಹ್ಯಾಂಡ್‌ಪೀಸ್ ಎಷ್ಟು ಹೊಡೆತ ತಾಳುತ್ತದೆ, ಬದಲಿ ಭಾಗದ ಬೆಲೆಯೇನು ಎಂಬುದೇ ಮುಖ್ಯ ಪ್ರಶ್ನೆ.

ಭಕ್ತರ ಮುಂದೆ ನಾವು ಮಾಡಿದ ಲೆಕ್ಕ ಹೀಗಿತ್ತು. ಇದು ಉದಾಹರಣೆ ಮಾತ್ರ. ನಿಮ್ಮ ದರಪಟ್ಟಿಯ ಅಂಕಿಗಳನ್ನಿಟ್ಟು ನೀವೇ ಮಾಡಿ ನೋಡಬಹುದು. ವರ್ಷಕ್ಕೆ 1,000 ಚಿಕಿತ್ಸೆಯಂತೆ ಐದು ವರ್ಷಕ್ಕೆ 5,000 ಚಿಕಿತ್ಸೆ ಎಂದಿಟ್ಟುಕೊಳ್ಳೋಣ. ಮೂರು ಲಕ್ಷದ ಯಂತ್ರದ ಹ್ಯಾಂಡ್‌ಪೀಸ್ 10 ಲಕ್ಷ ಹೊಡೆತ, ಅಂದರೆ 500 ಚಿಕಿತ್ಸೆ ತಾಳಿ, ಪ್ರತಿ ಸಲದ ದುರಸ್ತಿಗೆ 50,000 ರೂಪಾಯಿ ಬಿದ್ದರೆ ಐದು ವರ್ಷದ ಒಟ್ಟು ವೆಚ್ಚ 8 ಲಕ್ಷ. ಚಿಕಿತ್ಸೆಯೊಂದಕ್ಕೆ 160 ರೂಪಾಯಿ. ಒಂದೂವರೆ ಲಕ್ಷದ ಯಂತ್ರದ ಹ್ಯಾಂಡ್‌ಪೀಸ್ 2 ಲಕ್ಷ ಹೊಡೆತಕ್ಕೇ ಸವೆದು, ಪ್ರತಿ ಸಲ 30,000 ರೂಪಾಯಿ ಬೇಡಿದರೆ ಒಟ್ಟು ವೆಚ್ಚ ಹದಿನಾರೂವರೆ ಲಕ್ಷ. ಚಿಕಿತ್ಸೆಯೊಂದಕ್ಕೆ 330 ರೂಪಾಯಿ. ಅರ್ಧ ಬೆಲೆಗೆ ಬಂದ ಯಂತ್ರ ಇಮ್ಮಡಿ ವೆಚ್ಚ ತಂದಿತು. ಇನ್ನೊಂದು ಅಪಾಯವೂ ಉಂಟು. ಹ್ಯಾಂಡ್‌ಪೀಸ್ ಸವೆದಾಗ ಯಂತ್ರದ ಪರದೆ ಮೊದಲಿನ ಅಂಕಿಯನ್ನೇ ತೋರಿಸುತ್ತಿದ್ದರೂ ಹೊಡೆತ ಬಲಗುಂದಿರಬಹುದು. ಆಗ ರೋಗಿ ರಜೆ ಹಾಕಿ, ಬಸ್ ಹಿಡಿದು ಬಂದು, ಗುಣ ಕಾಣದೆ ಹಿಂದಿರುಗುತ್ತಾನೆ. ಒಂದು ದಿನದ ಕೂಲಿ ಕಳೆದುಕೊಂಡವನಿಗೆ ಉಚಿತ ಚಿಕಿತ್ಸೆಯೂ ಉಚಿತವಲ್ಲ.

ಕೊಳ್ಳುವ ಮುನ್ನ ಮಾರಾಟಗಾರರಿಂದ ಬರಹದಲ್ಲಿ ಪಡೆಯಬೇಕಾದ ಮಾತುಗಳು ಕೆಲವಿವೆ. ಹ್ಯಾಂಡ್‌ಪೀಸಿನ ಆಯುಷ್ಯ ಎಷ್ಟು ಹೊಡೆತ, ಬದಲಿ ಭಾಗದ ಬೆಲೆ ಮುಂದಿನ ವರ್ಷಗಳಲ್ಲಿ ಎಷ್ಟಕ್ಕೆ ಸೀಮಿತ, ದುರಸ್ತಿಗಾರರು ಬೆಂಗಳೂರಿನಲ್ಲಿಯೇ ಇದ್ದಾರೆಯೇ, ದುರಸ್ತಿಯ ಅವಧಿಗೆ ಬದಲಿ ಯಂತ್ರ ಕೊಡುವರೇ, ಖಾತರಿ ಹ್ಯಾಂಡ್‌ಪೀಸಿಗೂ ಅನ್ವಯಿಸುವುದೇ ಎಂಬುವು ಮುಖ್ಯ. 2017ರ ವೈದ್ಯಕೀಯ ಸಾಧನಗಳ ನಿಯಮಗಳ ಪ್ರಕಾರ ಸಾಧನಗಳನ್ನು ಎ, ಬಿ, ಸಿ, ಡಿ ಎಂಬ ನಾಲ್ಕು ವರ್ಗಗಳಾಗಿ ವಿಂಗಡಿಸಿ, ತಯಾರಿಕೆಗೂ ಆಮದಿಗೂ ಪರವಾನಗಿ ವಿಧಿಸಲಾಗಿದೆ. ಆ ಪರವಾನಗಿಯ ಪ್ರತಿಯನ್ನು ಕೇಳಿ ಪಡೆಯಬೇಕು. 'ಮಸಾಜ್ ಯಂತ್ರ'ವೆಂದು ಆಮದಾಗಿ 'ಚಿಕಿತ್ಸಾ ಯಂತ್ರ'ವೆಂದು ಮಾರಾಟವಾಗುವುದನ್ನು ತಡೆಯಲು ಗ್ರಾಹಕರ ಕೈಯಲ್ಲಿರುವ ಸರಳ ಉಪಾಯವಿದು. ವಿದ್ಯುತ್ ಏರಿಳಿತವಿರುವ ಪ್ರದೇಶದಲ್ಲಿ ಸ್ಟೆಬಿಲೈಸರ್ ಮತ್ತು ಸರಿಯಾದ ಅರ್ಥಿಂಗ್ ವೆಚ್ಚವನ್ನೂ ಲೆಕ್ಕಕ್ಕೆ ಸೇರಿಸಬೇಕು. ಉಚಿತ ಸೇವೆಯೆಂಬ ಕಾರಣಕ್ಕೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದಡಿಯ ನೋಂದಣಿಯನ್ನು ಕಡೆಗಣಿಸಲಾಗದು.

ಯಂತ್ರಕ್ಕಿಂತ ಮುಖ್ಯವಾದುದು ಅದನ್ನು ಹಿಡಿಯುವ ಕೈ. ತರಬೇತಾದ ಫಿಸಿಯೋಥೆರಪಿಸ್ಟ್ ವಾರದಲ್ಲಿ ಎಷ್ಟು ದಿನ ಬರುತ್ತಾರೆಂಬುದು ನಿಶ್ಚಯವಾಗದೆ ಯಂತ್ರ ತಂದರೆ ಅದು ಬಟ್ಟೆ ಹೊದ್ದು ಮೂಲೆ ಸೇರುತ್ತದೆ. ಗರ್ಭಿಣಿಯರಿಗೆ, ರಕ್ತ ತೆಳುವಾಗಿಸುವ ಔಷಧ ಸೇವಿಸುವವರಿಗೆ, ರಕ್ತಸ್ರಾವದ ದೋಷವುಳ್ಳವರಿಗೆ, ನೋವಿನ ಜಾಗದಲ್ಲಿ ಗೆಡ್ಡೆಯೋ ಸೋಂಕೋ ಇರುವವರಿಗೆ, ಬೆಳೆಯುವ ಮಕ್ಕಳ ಮೂಳೆಯ ತುದಿಗಳಿಗೆ ಈ ಚಿಕಿತ್ಸೆ ಸಲ್ಲದು. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಹೊಡೆತ ಅತಿಯಾದರೂ ತಿಳಿಯುವುದಿಲ್ಲ. ಅವರನ್ನು ಮೊದಲು ವೈದ್ಯರು ಪರೀಕ್ಷಿಸಬೇಕು. ಎಲ್ಲ ನೋವಿಗೂ ಇದು ಮದ್ದೆಂಬ ಮಾತನ್ನೂ ನಂಬಬಾರದು. ಮೊಣಕೈಯ ಹೊರಬದಿಯ ನೋವಿಗೆ ಇದರಿಂದ ಪ್ರಯೋಜನ ಅತ್ಯಲ್ಪ ಅಥವಾ ಇಲ್ಲವೆಂದು 2005ರ ಕಾಕ್ರೇನ್ ವಿಮರ್ಶೆ ತೀರ್ಮಾನಿಸಿತ್ತು. ಬೆನ್ನು, ಮಂಡಿ, ಕತ್ತು ಎಂದು ಜಾಹೀರಾತಿನ ಪಟ್ಟಿ ಉದ್ದವಾದಷ್ಟೂ ನಮ್ಮ ಎಚ್ಚರ ಹೆಚ್ಚಬೇಕು.

ಯಂತ್ರಕ್ಕೆ ಮೊದಲು ಮಾಡಬೇಕಾದುದೂ ಬಹಳವಿದೆ. ಹಿಮ್ಮಡಿ ನೋವಿನ ಬಹುಪಾಲು ಜನರಿಗೆ ತಿಂಗಳುಗಟ್ಟಲೆ ತಾಳ್ಮೆಯ ಸರಳ ಆರೈಕೆಯಿಂದಲೇ ಗುಣ ಕಾಣುತ್ತದೆ. ಬೆಳಗ್ಗೆ ಹಾಸಿಗೆಯಲ್ಲಿ ಕುಳಿತೇ ಕಾಲ್ಬೆರಳುಗಳನ್ನು ಮೊಣಕಾಲಿನತ್ತ ಎಳೆದು ಹತ್ತು ಎಣಿಸುವವರೆಗೆ ಹಿಡಿಯುವುದು, ಹೀಗೆ ಹತ್ತು ಬಾರಿ. ಗೋಡೆಗೆ ಕೈಯೂರಿ ಮೀನಖಂಡವನ್ನು ಹಿಗ್ಗಿಸುವುದು. ಹಿಮ್ಮಡಿಗೆ ಮೆತ್ತನೆಯ ಆಧಾರವಿರುವ ಪಾದರಕ್ಷೆ ಧರಿಸುವುದು. ನಿಲ್ಲುವ ಜಾಗದಲ್ಲಿ ದಪ್ಪ ರಬ್ಬರ್ ಹಾಸು ಹಾಕುವುದು. ಮಾಸಿಕ 21,000 ರೂಪಾಯಿವರೆಗೆ ವೇತನವಿದ್ದು ಇ.ಎಸ್.ಐ. ನೋಂದಣಿಯುಳ್ಳವರಿಗೆ ಪೀಣ್ಯ ಮತ್ತು ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಗಳಿವೆ. ತಮಗೆ ಆ ಹಕ್ಕಿದೆಯೆಂದು ಅರಿಯದ ಗುತ್ತಿಗೆ ಕಾರ್ಮಿಕರಿಗೆ ಅದನ್ನು ತಿಳಿಸುವುದೂ ಸೇವೆಯೇ. ಇಷ್ಟೆಲ್ಲ ಮಾಡಿಯೂ ಆರು ತಿಂಗಳು ನೋವು ಬಿಡದವರಿಗೆ ಶಾಕ್‌ವೇವ್ ಚಿಕಿತ್ಸೆ ಯೋಗ್ಯವಾದ ಮುಂದಿನ ಹೆಜ್ಜೆ.

ಭಕ್ತರು ಲೆಕ್ಕದ ಚೀಟಿಯನ್ನು ಮಡಿಸಿ ಕಿಸೆಯಲ್ಲಿಟ್ಟುಕೊಂಡು ಹೊರಟರು. ಹದಿನೈದು ದಿನಗಳ ನಂತರ ದೂರವಾಣಿಯಲ್ಲಿ ಮಾತನಾಡಿದರು. ತಮ್ಮ ಕಾರ್ಖಾನೆಯ ಪ್ರತಿ ಲೇತ್‌ನ ಮುಂದೆ ರಬ್ಬರ್ ಹಾಸು ಹಾಕಿಸಿದ್ದಾಗಿಯೂ, ಹನ್ನೊಂದು ವರ್ಷದಿಂದ ತಮ್ಮಲ್ಲಿ ದುಡಿಯುತ್ತಿರುವವರ ಹಿಮ್ಮಡಿ ನೋವಿನ ಸಂಗತಿಯನ್ನು ತಾವು ಅಂದೇ ಮೊದಲು ಕೇಳಿ ತಿಳಿದುದಾಗಿಯೂ ಹೇಳಿದರು. ಯಂತ್ರದ ವಿಚಾರದಲ್ಲಿ, ಮೂರು ಲಕ್ಷದ್ದನ್ನು ಒಂದು ತಿಂಗಳು ಪರೀಕ್ಷಾರ್ಥ ಬಳಕೆಗೆ ಕೇಳಿದ್ದಾರೆ. ವಾರಕ್ಕೆ ನಾಲ್ಕು ದಿನ ಬರುವ ಫಿಸಿಯೋಥೆರಪಿಸ್ಟ್ ಗೊತ್ತಾದ ಮೇಲೆಯೇ ಹಣ ಕಟ್ಟುವುದೆಂದು ಚಿಕಿತ್ಸಾಲಯದ ಸಮಿತಿಯೂ ನಿರ್ಧರಿಸಿದೆ. ಕಾರ್ಖಾನೆ, ಅಂಗಡಿ, ಕಚೇರಿಗಳನ್ನು ನಡೆಸುತ್ತಿರುವ ಸದ್ಭಕ್ತರು ತಮ್ಮಲ್ಲಿ ನಿಂತು ದುಡಿಯುವವರನ್ನು ಈ ತಿಂಗಳು ಒಮ್ಮೆ ವಿಚಾರಿಸಿ ನೋಡಬೇಕೆಂದು ನಾವು ಕೋರುತ್ತೇವೆ.