ಕಾಡ್ಗಿಚ್ಚು ಆರಿದ ಮೇಲೆ

ಕಾಡಿಗೆ ಬಿದ್ದ ಬೆಂಕಿಯು ಆರಿದೊಡನೆಯೇ ವಿಪತ್ತು ತೀರಿತೆಂದು ದೂರದ ನಗರವಾಸಿಗಳು ಭಾವಿಸುವುದು ಸಹಜ. ಆದರೆ ಆ ಕಾಡಿನ ನಡುವೆ ಬಾಳುವ ಮೂಲನಿವಾಸಿಗಳ ಪಾಲಿಗೆ ಎರಡನೆಯ ವಿಪತ್ತು ಆಗಲೇ ಆರಂಭವಾಗುವುದು. ಕೆನಡಾ ದೇಶದ ಮ್ಯಾನಿಟೋಬಾ ಪ್ರಾಂತದಲ್ಲಿ 2018ನೆಯ ಇಸವಿ ಮೇ ತಿಂಗಳಿನಲ್ಲಿ ನಡೆದ ಸಂಗತಿಯು ಇದಕ್ಕೆ ಸಾಕ್ಷಿ.

ವಿನಿಪೆಗ್ ಸರೋವರದ ಪೂರ್ವಕ್ಕೆ ಲಿಟಲ್ ಗ್ರ್ಯಾಂಡ್ ರಾಪಿಡ್ಸ್, ಪಾಯಿಂಗಸ್ಸಿ ಎಂಬ ಎರಡು ಅನಿಶಿನಾಬೆ ಊರುಗಳಿವೆ. ವರ್ಷವೆಲ್ಲ ನಡೆಯತಕ್ಕ ರಸ್ತೆಯು ಅಲ್ಲಿಗಿಲ್ಲ. ಚಳಿಗಾಲದಲ್ಲಿ ಕೆರೆಗಳೂ ಜೌಗುಗಳೂ ಹೆಪ್ಪುಗಟ್ಟಿದಾಗ ಕೆಲವು ವಾರಗಳ ಮಟ್ಟಿಗೆ ಹಿಮದ ಹಾದಿ. ಉಳಿದ ಕಾಲದಲ್ಲಿ ವಿಮಾನವೇ ಗತಿ. ಬೆಂಕಿಯು ಸಮೀಪಿಸಿದಾಗ ಜನರನ್ನು ಸಾಗಿಸಲು ಸೈನ್ಯದ ವಿಮಾನಗಳು ಬರಬೇಕಾಯಿತು. ಕೆಲವು ಮನೆಗಳು ಭಸ್ಮವಾದುವು. ವಿದ್ಯುತ್ತನ್ನು ತರುತ್ತಿದ್ದ ಮಾರ್ಗದ ಮರದ ಕಂಬಗಳೂ ಉರಿದುಹೋದುವು. ಮನೆ ಉಳಿದವರು ಸಹ ತಿಂಗಳುಗಟ್ಟಲೆ ನಗರದ ಹೋಟೆಲುಗಳಲ್ಲಿ ದಿನಗಳನ್ನು ಎಣಿಸಬೇಕಾಯಿತು.

ದೀಪವಿಲ್ಲದಿದ್ದರೆ ಊರಿಗೆ ಮರಳಬಾರದೇಕೆಂದು ಕೆಲವರು ಕೇಳಬಹುದು. ವಿದ್ಯುಚ್ಛಕ್ತಿಯಿಲ್ಲದೆ ನೀರನ್ನು ಶುದ್ಧಿಮಾಡುವ ಯಂತ್ರವು ನಡೆಯದು. ಚಿಕಿತ್ಸಾಲಯದ ಔಷಧಗಳು ತಂಪಾಗಿರವು. ವರ್ಷದ ಆಹಾರವೆಂದು ಕೂಡಿಟ್ಟ ಮೀನೂ ಮೂಸ್ ಮಾಂಸವೂ ಶೀತಪೆಟ್ಟಿಗೆಯಲ್ಲಿಯೇ ಕೊಳೆಯುವುವು. ಇತ್ತ ದುರಸ್ತಿಯೂ ಸುಲಭವಲ್ಲ. ಬಂಡೆಗೂ ಜೌಗಿಗೂ ನಡುವೆ ಸಾಗುವ ಮಾರ್ಗದಲ್ಲಿ ಕಂಬಗಳನ್ನು ಹೆಲಿಕಾಪ್ಟರುಗಳಿಂದ ಇಳಿಸಬೇಕು. ಅರೆಬೆಂದು ನಿಂತ ಮರಗಳು ಬೀಳದಂತೆ ಮೊದಲು ಕಡಿದು ಹಾಕಬೇಕು. ಕೊನೆಗೆ ಮನೆಮನೆಯನ್ನೂ ಪರೀಕ್ಷಿಸಿದ ಮೇಲೆ ವಿದ್ಯುತ್ತನ್ನು ಹರಿಸಬೇಕು. ಈ ಕೆಲಸವನ್ನು ಹೊಗೆಯ ನಡುವೆ ಮಾಡುವ ತಂತಿ ಕೆಲಸಗಾರರ ಶ್ರಮವು ಪ್ರಶಂಸಾರ್ಹವೇ ಸರಿ.

ಆದರೆ ಕೆಲಸಗಾರರ ಶ್ರಮವು ಬೇರೆ, ರಾಜ್ಯದ ನೀತಿಯು ಬೇರೆ. ಸಾವಿರಾರು ಜನರಿಗಾಗಿ ಇಷ್ಟು ವೆಚ್ಚವೇ ಎಂದು ಆಕ್ಷೇಪಿಸುವವರು ಲೆಕ್ಕದ ಪುಸ್ತಕದ ಇನ್ನೊಂದು ಪುಟವನ್ನು ತಿರುವಿ ನೋಡತಕ್ಕದ್ದು. ಮ್ಯಾನಿಟೋಬಾದ ವಿದ್ಯುತ್ತಿನ ಬಹುಭಾಗವು ಉತ್ತರದ ನೆಲ್ಸನ್ ನದಿಯಲ್ಲಿ ಹುಟ್ಟುವುದು. ಆ ಕಟ್ಟೆಗಳಿಗಾಗಿ ಕ್ರೀ ಜನಾಂಗದವರ ಬೇಟೆಯ ನೆಲವೂ ಮೀನಿನ ನೀರೂ ಮುಳುಗಿದುವು. ಪರಿಹಾರಕ್ಕೆಂದು ಐದು ಊರುಗಳೊಡನೆ ಒಪ್ಪಂದವಾದುದು 1977ರಲ್ಲಿ. ಅದರ ಪಾಲನೆಯ ವಿಷಯದಲ್ಲಿ ವಿವಾದವು ದಶಕಗಳ ಕಾಲ ನಡೆಯಿತು. ಉತ್ತರದ ನೀರಿನಿಂದ ದಕ್ಷಿಣದ ನಗರಗಳು ಬೆಳಗಿದುವು. ಮಿಕ್ಕಿದುದು ನೆರೆಯ ಅಮೆರಿಕಕ್ಕೆ ಮಾರಾಟವಾಯಿತು. ಹೀಗಿರುವಲ್ಲಿ ಉತ್ತರದ ಊರಿಗೆ ಕಂಬ ನೆಡುವುದು ದಾನವಲ್ಲ, ಋಣಸಂದಾಯ.

ವಿಪತ್ತು ಮರುಕಳಿಸುವುದರಲ್ಲಿಯೂ ಸಂದೇಹವಿಲ್ಲ. 2025ರ ಮೇ 28ರಂದು ಅದೇ ಪ್ರಾಂತವು ತುರ್ತುಪರಿಸ್ಥಿತಿಯನ್ನು ಸಾರಿತು. ಸುಮಾರು 17,000 ಜನರು ಮನೆಮಠಗಳನ್ನು ಬಿಟ್ಟು ಹೊರಡಬೇಕಾಯಿತು. ಅವರಲ್ಲಿ ನೆಲ್ಸನ್ ದಂಡೆಯ ಪಿಮಿಚಿಕಮಾಕ್ ಊರಿನ ಕ್ರೀ ಜನರೂ ಇದ್ದರು.

ನೆರೆಯ ಆಂಟೇರಿಯೊ ಪ್ರಾಂತವು ಬೇರೊಂದು ಮಾರ್ಗವನ್ನು ತೋರಿದೆ. ಅಲ್ಲಿ 24 ಮೂಲನಿವಾಸಿ ಸಮುದಾಯಗಳು ಒಟ್ಟಾಗಿ ‘ವಟಯ್ನಿಕನೇಯಪ್’ ಎಂಬ ವಿದ್ಯುತ್ ಸಂಸ್ಥೆಯಲ್ಲಿ ನೂರಕ್ಕೆ 51 ಪಾಲಿನ ಒಡೆತನವನ್ನು ಪಡೆದಿವೆ. ಬೆಳಕನ್ನು ತರುವ ತಂತಿ ಎಂಬುದೇ ಆ ಹೆಸರಿನ ಅರ್ಥ. ಸುಮಾರು 1,800 ಕಿಲೋಮೀಟರ್ ಉದ್ದದ ಈ ಮಾರ್ಗವು 2024ರ ಅಂತ್ಯದಲ್ಲಿ ಪೂರ್ಣವಾಯಿತು; ಡೀಸೆಲ್ ಯಂತ್ರಗಳನ್ನೇ ನಂಬಿದ್ದ ಊರುಗಳಿಗೆ ಬೆಳಕು ಬಂದಿತು. ಒಡೆತನವಿದ್ದ ಮಾತ್ರಕ್ಕೆ ಬೆಂಕಿಯು ಕಂಬವನ್ನು ಸುಡದೆ ಬಿಡದು, ನಿಜ. ಆದರೆ ಯಾವ ತಂತಿಯನ್ನು ಮೊದಲು ಕಟ್ಟಬೇಕು, ಯಾರ ಮಕ್ಕಳಿಗೆ ಆ ಕೆಲಸವನ್ನು ಕಲಿಸಬೇಕು ಎಂಬ ನಿರ್ಣಯವು ದೂರದ ಕಚೇರಿಗೆ ಮಾತ್ರ ಸೇರಿದುದಾಗಿ ಉಳಿಯದು.

ಸುಟ್ಟ ಕಂಬದ ಜಾಗದಲ್ಲಿ ಅಂತಹುದೇ ಇನ್ನೊಂದು ಕಂಬವನ್ನು ನಿಲ್ಲಿಸಿದರೆ ದುರಸ್ತಿಯಾದೀತು, ನ್ಯಾಯವಾಗದು. ತನ್ನ ನೆಲದ ಮೇಲೆ ಹಾಯುವ ಶಕ್ತಿಯಲ್ಲಿ ತನಗೂ ಪಾಲುಂಟೆಂದು ಒಂದು ಜನಾಂಗವು ಹೇಳಿದರೆ, ಸ್ವರಾಜ್ಯದ ಅರ್ಥವನ್ನು ಬಲ್ಲ ನಾವು ಅದನ್ನು ಅತ್ಯಾಶೆಯೆನ್ನಲಾರೆವು.