ಹಿರಿಯರ ದನಿ ಒಡೆಯದಿರಲಿ: ಯುಎಸ್‌ಬಿ ಆಡಿಯೋ ಇಂಟರ್‌ಫೇಸ್‌ನಲ್ಲಿ ಧ್ವನಿಮುದ್ರಣದ ಮಟ್ಟ ಹಿಡಿಯುವ ಬಗೆ

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ ಮತ್ತು ಎಚ್.ಡಿ.ಕೋಟೆ ಭಾಗದ ಜೈನ ಕುಟುಂಬಗಳಲ್ಲಿ ಈಗ ಹಲವರ ಮನೆಯಲ್ಲಿ ಲ್ಯಾಪ್‌ಟಾಪ್ ಇದೆ. ಅದಕ್ಕೊಂದು ಮೈಕು, ಒಂದು ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ ಸೇರಿಸಿದರೆ ಹಿರಿಯ ಶ್ರಾವಿಕೆಯರ ಜಿನಸ್ತುತಿ, ಆರತಿ ಹಾಡು, ಬಸದಿಯ ಪ್ರವಚನ ಎಲ್ಲವನ್ನೂ ಮನೆಯವರೇ ಚೆನ್ನಾಗಿ ಮುದ್ರಿಸಿಕೊಳ್ಳಬಹುದು. ಆದರೆ ಉಪಕರಣ ಕೊಂಡ ಮೇಲೂ ಹಲವರ ಮುದ್ರಣ ಕೆಡುವುದು ಒಂದೇ ಕಾರಣಕ್ಕೆ: ಮಟ್ಟ ಹಿಡಿಯುವುದು ತಿಳಿಯದೆ.

ಇದು ಎಷ್ಟು ಮುಖ್ಯ ಎಂಬುದಕ್ಕೆ ಈ ಸೀಮೆಯಲ್ಲೇ ಒಂದು ನಿದರ್ಶನವಿದೆ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿ 16ನೇ ಶತಮಾನದ ಆರಂಭದಲ್ಲಿದ್ದ ಜೈನ ಕವಿ ಮೂರನೆಯ ಮಂಗರಸನ ಊರು. ಅವನ ‘ನೇಮಿಜಿನೇಶ ಸಂಗತಿ’ ಸಾಂಗತ್ಯದಲ್ಲಿದೆ. ಸಾಂಗತ್ಯವೆಂದರೆ ಹಾಡಲೆಂದೇ ಇರುವ ಛಂದಸ್ಸು. ಕಾವ್ಯದ ಅಕ್ಷರಗಳು ನಮಗೆ ಉಳಿದು ಬಂದಿವೆ. ಅಂದು ಅದನ್ನು ಹಾಡಿದವರ ದನಿಯನ್ನು ಕೇಳುವ ದಾರಿ ಇಲ್ಲ. ಇಂದು ನಮ್ಮ ಮನೆಗಳಲ್ಲಿ ಬಾಯಿಪಾಠವಾಗಿ ಹಾಡುವವರ ವಿಷಯದಲ್ಲಿ ಹಾಗಾಗಬೇಕಿಲ್ಲ.

ನಮ್ಮ ಮನೆಯಲ್ಲಿ ಮಾತ್ರ ಹಾಗಾಯಿತು. ದಶಲಕ್ಷಣ ಪರ್ವದ ದಿನಗಳಲ್ಲಿ ನಮ್ಮ ಸೋದರತ್ತೆಯವರನ್ನು ಕೂರಿಸಿ ಹನ್ನೊಂದು ಹಾಡು ಮುದ್ರಿಸಿಕೊಂಡೆವು. ದನಿ ಜೋರಾಗಿ ಬರಲಿ ಎಂದು ಗೇನ್ ನಾಬನ್ನು ಪೂರ್ತಿ ಏರಿಸಿದ್ದೆ. ಮೇಲಿನ ಸ್ವರಕ್ಕೆ ಹೋದಲ್ಲೆಲ್ಲ ಕರಕರ ಎಂಬ ಸದ್ದು ಸೇರಿತ್ತು. ಮತ್ತೊಮ್ಮೆ ಹಾಡಿಸೋಣ ಎಂದುಕೊಳ್ಳುವಷ್ಟರಲ್ಲಿ ಅವರ ಆರೋಗ್ಯ ಕೆಟ್ಟಿತು. ಆ ಹಾಡುಗಳು ಈಗ ನಮ್ಮಲ್ಲಿರುವುದು ಒಡೆದ ದನಿಯಲ್ಲೇ.

ಪೆಟ್ಟಿಗೆಯೊಳಗೆ ಏನಾಗುತ್ತದೆ?

ಮೈಕಿನಿಂದ ಬರುವ ವಿದ್ಯುತ್ ಸಂಕೇತ ಬಹಳ ಸಣ್ಣದು. ಇಂಟರ್‌ಫೇಸ್ ಅದನ್ನು ಮೊದಲು ಹಿಗ್ಗಿಸಿ, ಆಮೇಲೆ ಅಂಕಿಗಳಾಗಿ ಬದಲಿಸಿ ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಕಳಿಸುತ್ತದೆ. ಎಷ್ಟು ಹಿಗ್ಗಿಸಬೇಕೆಂದು ತಿಳಿಸುವುದೇ ಗೇನ್ ನಾಬ್. ಡಿಜಿಟಲ್ ಮೀಟರಿನಲ್ಲಿ ಅತಿ ಹೆಚ್ಚಿನ ಮಟ್ಟ 0 ಡೆಸಿಬಲ್. ಉಳಿದ ಮಟ್ಟಗಳೆಲ್ಲ ಅದಕ್ಕಿಂತ ಕೆಳಗೆ, ಮೈನಸ್ 6, ಮೈನಸ್ 12 ಎಂದು ತೋರುತ್ತವೆ. 0 ದಾಟಿದ ದನಿಯನ್ನು ಬರೆದುಕೊಳ್ಳಲು ಅಲ್ಲಿ ಅಂಕಿಯೇ ಇಲ್ಲ. ಅಲೆಯ ತುದಿ ಕತ್ತರಿಸಿ ಚಪ್ಪಟೆಯಾಗುತ್ತದೆ. ಇದಕ್ಕೆ ಕ್ಲಿಪ್ಪಿಂಗ್ ಎನ್ನುತ್ತಾರೆ. ಕರಕರ ಸದ್ದಿನ ಮೂಲ ಇದೇ.

ಹಾಲು ಕಾಯಿಸುವಾಗ ಪಾತ್ರೆಯ ಅಂಚಿನವರೆಗೆ ಯಾರೂ ತುಂಬುವುದಿಲ್ಲ, ಉಕ್ಕಲು ಜಾಗ ಬಿಡುತ್ತೇವೆ. ಇಲ್ಲಿಯೂ ಹಾಗೆಯೇ. ಕಡಿಮೆ ಮಟ್ಟದಲ್ಲಿ ಮುದ್ರಿಸಿದ ದನಿಯನ್ನು ಆಮೇಲೆ ಹೆಚ್ಚಿಸಬಹುದು. ಉಕ್ಕಿ ಚೆಲ್ಲಿದ್ದನ್ನು ಮರಳಿ ತುಂಬಲಾಗದು. ಈ ಲೇಖನದಲ್ಲಿ ನೆನಪಿಡಬೇಕಾದ ಮಾತು ಇದೊಂದೇ.

ಕ್ಯಾಸೆಟ್ ಕಾಲದಲ್ಲಿ ಟೇಪಿನ ‘ಹುಸ್’ ಸದ್ದು ಮುಚ್ಚಲೆಂದು ಆದಷ್ಟು ಜೋರಾಗಿ ಮುದ್ರಿಸುತ್ತಿದ್ದರು. ಆ ಅಭ್ಯಾಸ ಈಗ ಬೇಡ. 24 ಬಿಟ್ ಮುದ್ರಣದಲ್ಲಿ ಒಂದೊಂದು ಬಿಟ್‌ಗೆ ಸುಮಾರು 6 ಡೆಸಿಬಲ್ ಲೆಕ್ಕ. 12 ಡೆಸಿಬಲ್ ಜಾಗ ಬಿಟ್ಟರೆ ಹೋಗುವುದು 2 ಬಿಟ್ ಮಾತ್ರ. ಆಡಿಯೋ ಸಿಡಿಯಲ್ಲಿ ಇರುವುದೇ 16 ಬಿಟ್.

ಮಟ್ಟ ಹಿಡಿಯುವ ಕ್ರಮ

1. ಮೊದಲು ಗೇನ್ ಪೂರ್ತಿ ಇಳಿಸಿ, ಮೈಕನ್ನು ಜೋಡಿಸಿ. ಕಂಡೆನ್ಸರ್ ಮೈಕ್ ಆದರೆ 48 ವೋಲ್ಟ್ ಗುಂಡಿ ಒತ್ತಬೇಕು. ಸಭೆಗಳಲ್ಲಿ ಕೈಯಲ್ಲಿ ಹಿಡಿಯುವ ಸಾಮಾನ್ಯ ಡೈನಮಿಕ್ ಮೈಕಿಗೆ ಅದು ಬೇಡ.

2. ಮುದ್ರಣ ತಂತ್ರಾಂಶದಲ್ಲಿ 24 ಬಿಟ್, 48,000 ಹರ್ಟ್ಸ್ ಆರಿಸಿ. ಇನ್‌ಪುಟ್ ಆಗಿ ಇಂಟರ್‌ಫೇಸ್‌ನ ಹೆಸರೇ ಇದೆಯೇ ನೋಡಿ. ಎಷ್ಟೋ ಸಲ ಲ್ಯಾಪ್‌ಟಾಪಿನ ಒಳಗಿನ ಮೈಕೇ ಮುದ್ರಿಸುತ್ತಿರುತ್ತದೆ.

3. ಹಾಡುವವರನ್ನು ‘ಹಲೋ, ಒಂದು, ಎರಡು’ ಎನ್ನಿಸಬೇಡಿ. ಹಾಡಿನ ಅತಿ ಎತ್ತರದ ಸಾಲನ್ನೇ ಹಾಡಿಸಿ. ಹಾರ್ಮೋನಿಯಂ, ತಾಳ ಇದ್ದರೆ ಅವೂ ಜೊತೆಗಿರಲಿ.

4. ಆ ಸಾಲಿನಲ್ಲಿ ಮೀಟರಿನ ತುದಿ ಮೈನಸ್ 12ರ ಆಸುಪಾಸಿನಲ್ಲಿ ನಿಲ್ಲುವಂತೆ ಗೇನ್ ಏರಿಸಿ. ಹಲವು ಇಂಟರ್‌ಫೇಸ್‌ಗಳಲ್ಲಿ ನಾಬ್ ಸುತ್ತ ಅಥವಾ ಪಕ್ಕದಲ್ಲಿ ದೀಪವಿರುತ್ತದೆ. ಹಸಿರು ಸರಿ, ಕೆಂಪು ಒಮ್ಮೆ ಮಿನುಗಿದರೂ ಗೇನ್ ಇಳಿಸಬೇಕು.

5. ಪರೀಕ್ಷೆಗಿಂತ ನಿಜವಾದ ಹಾಡಿನಲ್ಲಿ ದನಿ ಏರುವುದೇ ಹೆಚ್ಚು. ಮೈನಸ್ 12 ಇಟ್ಟುಕೊಂಡರೆ ಆ ಏರಿಕೆಗೂ ಜಾಗ ಉಳಿಯುತ್ತದೆ. ಮುದ್ರಣ ಶುರುವಾದ ಮೇಲೆ ನಾಬ್ ಮುಟ್ಟದಿರುವುದು ಒಳ್ಳೆಯದು.

ಯಾವ ನಾಬ್ ಯಾವುದಕ್ಕೆ?

ಇಂಟರ್‌ಫೇಸ್‌ನ ಹೆಡ್‌ಫೋನ್ ನಾಬ್ ನಮ್ಮ ಕಿವಿಗೆ ಮಾತ್ರ. ಅದನ್ನು ಎಷ್ಟು ತಿರುಗಿಸಿದರೂ ಮುದ್ರಣದ ಮಟ್ಟ ಬದಲಾಗದು. ಹೆಡ್‌ಫೋನಿನಲ್ಲಿ ಮೆಲ್ಲಗೆ ಕೇಳಿತೆಂದು ಗೇನ್ ಏರಿಸುವುದು ಬಹಳ ಜನ ಮಾಡುವ ತಪ್ಪು.

ಕಂಪ್ಯೂಟರ್ ಪರದೆಯ ಸ್ಲೈಡರ್ ವಿಷಯವೂ ಗೊತ್ತಿರಲಿ. ಕೆಲವು ಇಂಟರ್‌ಫೇಸ್‌ಗಳಲ್ಲಿ ಅದು ಕೆಲಸವನ್ನೇ ಮಾಡುವುದಿಲ್ಲ. ಮಾಡಿದರೂ ಸಾಮಾನ್ಯವಾಗಿ ಅದು ದನಿ ಅಂಕಿಗಳಾದ ನಂತರದ ಕೆಲಸ. ಪೆಟ್ಟಿಗೆಯಲ್ಲಿ ಒಡೆದ ದನಿಯನ್ನು ಸ್ಲೈಡರ್ ಇಳಿಸಿ ಸರಿಪಡಿಸಲಾಗದು. ಮೀಟರ್ ಕೆಳಗಿದ್ದರೂ ಕರಕರ ಹಾಗೇ ಇರುತ್ತದೆ. ಅಡಾಸಿಟಿಯಂಥ ತಂತ್ರಾಂಶದಲ್ಲಿ 32 ಬಿಟ್ ಫ್ಲೋಟ್ ಎಂದು ತೋರಿಸಿದರೂ ಇದೇ ಮಾತು. ಅದು ಕಂಪ್ಯೂಟರಿನಲ್ಲಿ ಉಳಿಸಿಡುವ ವಿಧಾನ. 24 ಬಿಟ್ ಇಂಟರ್‌ಫೇಸ್‌ನಲ್ಲೇ ಚೆಲ್ಲಿಹೋದದ್ದನ್ನು ಅದು ತಂದುಕೊಡದು. ವಿಂಡೋಸ್‌ನಲ್ಲಿ ‘ಆಡಿಯೋ ಎನ್‌ಹ್ಯಾನ್ಸ್‌ಮೆಂಟ್ಸ್’ ಇದ್ದರೆ ನಿಲ್ಲಿಸಿ. ಇಲ್ಲವಾದರೆ ಅದು ತಾನಾಗಿಯೇ ದನಿಯನ್ನು ಏರಿಳಿಸಬಹುದು.

ಮಳೆ, ಕಲ್ಲಿನ ಬಸದಿ, ಬೆಟ್ಟದ ಗಾಳಿ

ದನಿ ಕಡಿಮೆ ಎನಿಸಿದಾಗ ಮೊದಲು ಸರಿಸಬೇಕಾದುದು ಮೈಕನ್ನು, ನಾಬನ್ನಲ್ಲ. ಮೈಕಿನ ದೂರ ಅರ್ಧಕ್ಕೆ ಇಳಿದರೆ ಹಾಡುವವರ ನೇರ ದನಿ ಸುಮಾರು 6 ಡೆಸಿಬಲ್ ಏರುತ್ತದೆ. ಕೋಣೆಯ ಸದ್ದು ಅಷ್ಟೇ ಇರುತ್ತದೆ. ಗೇನ್ ಏರಿಸಿದರೆ ಎರಡೂ ಒಟ್ಟಿಗೆ ಏರುತ್ತವೆ. ಚಾತುರ್ಮಾಸ್ಯ ಮಳೆಗಾಲದಲ್ಲೇ ಬರುವುದರಿಂದ ಹೆಂಚು, ಶೀಟಿನ ಮೇಲೆ ಬೀಳುವ ಮಳೆಯ ಸದ್ದಿಗೂ ಇದೇ ಉಪಾಯ. ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ ಮೈಕಿಟ್ಟರೆ ಉಸಿರಿನ ಹೊಡೆತವೂ ತಪ್ಪುತ್ತದೆ.

ಕೆ.ಆರ್.ನಗರ ಭಾಗದ ಚಿಕ್ಕಹನಸೋಗೆಯ ಆದಿನಾಥ ಬಸದಿಯಂಥ ಕಲ್ಲಿನ ಕಟ್ಟಡಗಳಲ್ಲಿ ದನಿ ಗೋಡೆಗಳಿಗೆ ತಾಗಿ ಮರಳಿ ಬರುತ್ತದೆ. ಹಲವರು ಒಟ್ಟಿಗೆ ಸ್ತೋತ್ರ ಹೇಳುವಾಗ ಮಟ್ಟ ಥಟ್ಟನೆ ಏರುತ್ತದೆ. ಅಲ್ಲಿ ಮೈನಸ್ 18 ಇಟ್ಟುಕೊಂಡರೂ ನಷ್ಟವಿಲ್ಲ. ಹುಣಸೂರು ತಾಲ್ಲೂಕಿನ ಗೊಮ್ಮಟಗಿರಿಯಲ್ಲಿ ವರ್ಷಕ್ಕೊಮ್ಮೆ ನಡೆಯುವ ಮಸ್ತಕಾಭಿಷೇಕದಂಥ ಬಯಲಿನ ಕಾರ್ಯಕ್ರಮದಲ್ಲಿ ತೊಂದರೆ ಕೊಡುವುದು ಗಾಳಿ. ಮೈಕಿನ ಮೇಲೆ ಗಾಳಿ ಬಡಿದರೆ ಕಿವಿಗೆ ಕೇಳದಷ್ಟು ತಗ್ಗಿನ ಗುಡುಗು ಮೀಟರನ್ನು ಕೆಂಪಿಗೆ ತಳ್ಳುತ್ತದೆ. ಮೈಕಿಗೆ ದಪ್ಪ ಸ್ಪಂಜಿನ ಟೋಪಿ ಹಾಕಿ. ಎರಡು ಇನ್‌ಪುಟ್ ಇದ್ದರೆ ಎರಡನೇ ಮೈಕನ್ನು ಇನ್ನೂ 10 ಡೆಸಿಬಲ್ ಕೆಳಗೆ ಇಟ್ಟುಕೊಳ್ಳಿ. ಒಂದು ಒಡೆದರೆ ಇನ್ನೊಂದು ಉಳಿಯುತ್ತದೆ.

ಮಿಕ್ಸರ್ ಮತ್ತು ಹಳೆಯ ಕ್ಯಾಸೆಟ್

ಪ್ರವಚನದ ದನಿಯನ್ನು ಧ್ವನಿವರ್ಧಕದ ಮಿಕ್ಸರಿನಿಂದ ನೇರವಾಗಿ ಪಡೆಯುವುದಾದರೆ ಅದನ್ನು ಮೈಕ್ ಇನ್‌ಪುಟ್‌ಗೆ ಕೊಡಬೇಡಿ. ಮಿಕ್ಸರಿನ ಸಂಕೇತ ಮೈಕಿಗಿಂತ ಬಹಳ ಜೋರು. ‘ರೆಕ್ ಔಟ್’ನಿಂದ ಲೈನ್ ಇನ್‌ಪುಟ್‌ಗೆ, ಅಂದರೆ ಕಾಲು ಇಂಚಿನ ಜ್ಯಾಕ್ ಪಿನ್ನಿಗೆ ತನ್ನಿ. 48 ವೋಲ್ಟ್ ಆರಿಸಿರಬೇಕು, ‘ಇನ್‌ಸ್ಟ್’ ಗುಂಡಿ ಒತ್ತಿರಬಾರದು. ಗುಂಯ್ ಎಂಬ ಸದ್ದು ಬಂದರೆ ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ನಡೆಸಿ ನೋಡಿ. ಮುನಿಗಳು, ಮಾತಾಜಿಯವರ ಪ್ರವಚನಕ್ಕೆ ಮೊದಲೇ ಅನುಮತಿ ಪಡೆಯುವುದನ್ನು ಮರೆಯಬೇಡಿ.

ಕಪಾಟಿನಲ್ಲಿರುವ ಹಳೆಯ ಕ್ಯಾಸೆಟ್‌ಗೂ ಲೈನ್ ಇನ್‌ಪುಟ್ಟೇ ಸರಿ. ಪ್ಲೇಯರಿನಲ್ಲಿ ಹೆಡ್‌ಫೋನ್ ತೂತು ಮಾತ್ರ ಇದ್ದರೆ ಅದರ ವಾಲ್ಯೂಮ್ ಅರ್ಧದಲ್ಲಿಡಿ. ಮಟ್ಟ ನೋಡಲೆಂದು ಹಳೆಯ ಟೇಪನ್ನು ಪದೇ ಪದೇ ಓಡಿಸಬೇಡಿ. ಬೇರೆ ಕ್ಯಾಸೆಟ್‌ನಲ್ಲಿ ಅಂದಾಜು ಹಿಡಿದು, ಗೇನ್ ತಗ್ಗಿಸಿಟ್ಟು, ಮೊದಲನೇ ಓಟವನ್ನೇ ಮುದ್ರಿಸಿ. ಅದೇ ಕೊನೆಯ ಓಟವೂ ಆಗಬಹುದು.

ಮುದ್ರಣ ಮುಗಿದ ಮೇಲೆ

ಮೂಲ ಕಡತವನ್ನು ವೇವ್ ರೂಪದಲ್ಲಿ ಮುಟ್ಟದೆ ಎರಡು ಕಡೆ ಉಳಿಸಿಡಿ. ಅದರ ಪ್ರತಿಯಲ್ಲಿ ಮಾತ್ರ ‘ನಾರ್ಮಲೈಜ್’ ಮಾಡಿ ಮೈನಸ್ 1ರವರೆಗೆ ಏರಿಸಿ, ಎಂಪಿ3 ಆಗಿಸಿ ಬಂಧುಗಳಿಗೆ ಕಳಿಸಬಹುದು. ಹಾಡಿದವರ ಹೆಸರು, ಊರು, ದಿನಾಂಕವನ್ನು ಕಡತದ ಹೆಸರಿನಲ್ಲೇ ಬರೆಯಿರಿ.

ಮನೆಯಲ್ಲಿ ಹಾಡುವ ಹಿರಿಯರಿದ್ದರೆ ಮುಂದಿನ ಹಬ್ಬದವರೆಗೆ ಕಾಯಬೇಡಿ. ಈ ಭಾನುವಾರವೇ ಅವರನ್ನು ಕೂರಿಸಿ, ಎತ್ತರದ ಸಾಲನ್ನು ಒಮ್ಮೆ ಹಾಡಿಸಿ, ನಾಬನ್ನು ಸ್ವಲ್ಪ ಕೆಳಗೇ ಇಟ್ಟುಕೊಂಡು ಮುದ್ರಿಸಿರಿ.